‘ಪ್ರಾರ್ಥಿಸುವ ಕೈಗಳು’: ಗಣಿಗೆ ಹೋದ ಸಹೋದರನ ಕಥೆ ನಿಜವಲ್ಲ

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಬರೆದ ‘ಪ್ರಾರ್ಥಿಸುವ ಕೈಗಳು’ ಚಿತ್ರದಲ್ಲಿರುವುದು, ಅವನ ಕಲಿಕೆಯ ಖರ್ಚಿಗಾಗಿ ಗಣಿಯಲ್ಲಿ ದುಡಿದು ಬೆರಳು ಜಜ್ಜಿಕೊಂಡ ಸಹೋದರನ ಕೈಗಳೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಾನೂ ಹಂಚಿದ್ದೆ; ಅದು ತಪ್ಪು. ನೀಲಿ ಬಣ್ಣ ಬಳಿದ ಕಾಗದದ ಮೇಲೆ 1508ರಲ್ಲಿ ಕುಂಚದಿಂದ ಬರೆದ ಇದು, ಫ್ರಾಂಕ್‌ಫರ್ಟ್‌ನ ವರ್ತಕ ಯಾಕೋಬ್ ಹೆಲ್ಲರ್ ಚರ್ಚೊಂದಕ್ಕಾಗಿ ಬರೆಸಿದ ದೊಡ್ಡ ಚಿತ್ರದಲ್ಲಿನ ಯೇಸುವಿನ ಶಿಷ್ಯನೊಬ್ಬನ ಕೈಗಳಿಗೆ ಮಾಡಿಕೊಂಡ ಪೂರ್ವಾಭ್ಯಾಸ. ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ. ಡ್ಯೂರರನೇ ಬರೆದಿಟ್ಟ ಕುಟುಂಬ ವೃತ್ತಾಂತದಂತೆ ಹದಿನೆಂಟು ಮಕ್ಕಳಲ್ಲಿ ಕೊನೆಗೆ ಉಳಿದವರು ಅವನೂ ಇಬ್ಬರು ತಮ್ಮಂದಿರೂ ಮಾತ್ರ: ಎಂಡ್ರೆಸ್ ತಂದೆಯಂತೆ ಅಕ್ಕಸಾಲಿಗ, ಹಾನ್ಸ್ ಚಿತ್ರಕಾರ. ಚಿತ್ರವನ್ನೇ ನಿಧಾನವಾಗಿ ನೋಡಿದರೂ ಸಾಕು, ನೀಳ ಬೆರಳುಗಳೂ ಉಬ್ಬಿದ ನರಗಳೂ ಕಾಣುತ್ತವೆಯೇ ಹೊರತು ಜಜ್ಜಿದ ಗೆಣ್ಣು ಒಂದೂ ಇಲ್ಲ (ಇಷ್ಟನ್ನು ನಾನು ಮೊದಲೇ ಗಮನಿಸಬೇಕಿತ್ತು). ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.