ಕಾಳಜಿ ಚೀಟಿ

ಮನೆ ಮಾಲೀಕರ ಮೆಸೇಜು ಬಂದಾಗ ನಾನಿದ್ದ ಚಿಗರಿ ಬಸ್ಸು ನವನಗರ ದಾಟಿತ್ತು. ‘ಸಂಜೀಮುಂದ ಭೆಟ್ಟಿ ಆಗ್ರಿ. ಮಾತಾಡೂದೈತಿ.’ ಅಷ್ಟೇ. ಯಾಕೆ, ಏನು, ಒಂದೂ ಇಲ್ಲ. ಬಸ್ಸು ಧಾರವಾಡ ಮುಟ್ಟುವುದರೊಳಗೆ ನಾನು ಮನಸ್ಸಿನಲ್ಲೇ ಮನೆ ಖಾಲಿ ಮಾಡಿ, ಹೆಂಡತಿ, ಮಗ, ಗಾದಿ, ಗ್ಯಾಸ್ ಸಿಲಿಂಡರು ಸಮೇತ ಜುಬಿಲಿ ಸರ್ಕಲ್ಲಿನಲ್ಲಿ ನಿಂತಾಗಿತ್ತು.

ಎದೆ ಹೀಗೆ ಹೊಡೆದುಕೊಳ್ಳುವುದು ಹೊಸದೇನಲ್ಲ. ಹಿಂದಿನ ತಿಂಗಳು ಇಸಿಜಿ ಮಾಡಿಸಿದ್ದೆ. ಅದು ನೆಟ್ಟಗಿದೆ ಅಂದಮೇಲೂ ಸಮಾಧಾನವಾಗದೆ ಡಿಮ್ಹಾನ್ಸ್‌ಗೆ ಹೋಗಿದ್ದೆ. 1845ರಷ್ಟು ಹಳೆಯ ಮಾನಸಿಕ ಆಸ್ಪತ್ರೆ. ಊರ ಹಿರಿಯರ ಬಾಯಲ್ಲಿ ಅದರ ಹಳೇ ಹೆಸರು ಇನ್ನೂ ಹೋಗಿಲ್ಲವಾದ್ದರಿಂದ, ಗೇಟಿನಲ್ಲಿ ಯಾರಾದರೂ ಪರಿಚಯದವರು ಕಂಡಾರೆಂದು ಎದೆ ಇನ್ನೂ ನಾಲ್ಕು ಏಟು ಹೆಚ್ಚು ಹೊಡೆಯಿತು.

‘ನಾಯಿ ಬೆನ್ನ ಹತ್ತಿದಾಗ ಓಡಾಕ ಬೇಕಂತ ಮೈ ಅಡ್ರಿನಲಿನ್ ಬಿಡತೈತ್ರಿ. ಎದಿ ಹೊಡಕೋತೈತಿ, ಹೊಟ್ಟಿ ತಳಮಳಸ್ತೈತಿ. ನಿಮಗ ನಾಯಿ ಇಲ್ದನ ಬಿಡಾಕತ್ತೈತಿ, ಅಷ್ಟ’ ಎಂದರು ಡಾಕ್ಟರು. ನಾಲ್ಕು ಎಣಿಸಿ ಉಸಿರು ಎಳೆದುಕೊಂಡು ಆರು ಎಣಿಸಿ ಬಿಡಬೇಕು. ಚಹಾ ಎರಡಕ್ಕೆ ಇಳಿಸಬೇಕು. (ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡೇ ಚಹಾ! ಈ ಡಾಕ್ಟರು ಬಯಲುಸೀಮೆಯ ಯಾವುದೋ ಊರಿನವರಿರಬೇಕು.) ಕಾಳಜಿ ಹುಟ್ಟಿದ ಹಾಗೆಲ್ಲ ಚೀಟಿಯಲ್ಲಿ ಬರೆದಿಟ್ಟು, ಸಂಜೆ ಅರ್ಧ ತಾಸು ಮಾತ್ರ ಅದಕ್ಕೆ ಕೊಡಬೇಕು.

ಹಾಗಾಗಿ ಬಸ್ಸಿನಲ್ಲೇ ಬರೆದೆ. ಅಂಗಿ ಕಿಸೆಯಲ್ಲಿ ಹೆಂಡತಿ ಕೊಟ್ಟ ಕಿರಾಣಿ ಚೀಟಿಯೂ ಇತ್ತು. ಇಳಿದವನೇ ಓಣಿಯ ಅಂಗಡಿಗೆ ಹೋಗಿ, ‘ಕಾಕಾ, ಕಟ್ಟಿಡ್ರಿ, ಕಾಯಿಪಲ್ಲೆ ತಗೊಂಡು ಬರತೀನಿ’ ಎಂದು ಚೀಟಿ ಕೊಟ್ಟು ನಡೆದೆ.

ತಿರುಗಿ ಬಂದರೆ ಸಾಮಾನಿಲ್ಲ. ಗಲ್ಲಾಪೆಟ್ಟಿಗೆ ಮೇಲೆ ನನ್ನ ಕಾಳಜಿ ಚೀಟಿ. ಬೇಳೆ, ಬೆಲ್ಲಕ್ಕೆ ರೇಟು ಹಾಕುವ ಹಾಗೆ ಕಾಕಾ ಪ್ರತಿ ಸಾಲಿನ ಮುಂದೆಯೂ ನೀಲಿ ಪೆನ್ನಿನಲ್ಲಿ ಬರೆದಿದ್ದರು.

‘ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್. ಶುಕ್ರವಾರ ನಮ್ಮ ಬೋಗಿ ಆ ತುದಿಗೆ ನಿಂತರ?’ ಅದರ ಮುಂದೆ: ‘ಅರ್ಧ ತಾಸು ಮೊದಲ ಹೋಗ್ರಿ.’

‘ಗ್ಯಾಸ್ ಬಂದ್ ಮಾಡೇನೋ ಇಲ್ಲೋ?’ ‘ಅಕ್ಕಾರು ಮನ್ಯಾಗ ಅದಾರಲ್ರೀ.’

‘ಮಗ ಗಣಿತದಾಗ ನಪಾಸಾದರ?’ ‘ಚಿಲ್ಲರ ಬರೋಬ್ಬರಿ ಎಣಸ್ತಾನ. ನಾ ನೋಡೇನಿ.’

‘ಮಾಲೀಕರು ಮನಿ ಬಿಡಸ್ತಾರೇನೋ?’ ‘ಮಗಳ ಲಗ್ನ. ನನಗ ಮುಂಜಾನೆನ ಕಾರ್ಡ್ ಕೊಟ್ಟು ಹೋದ್ರು.’

ಆರು ಎಣಿಸಿ ಉಸಿರು ಬಿಡುತ್ತಿದ್ದೆ. ಐದಕ್ಕೆ ಬಂದಾಗ, ಚೀಟಿಯ ತಳದಲ್ಲಿ ಕಾಕಾ ತಾವೇ ಸೇರಿಸಿದ್ದ ಸಾಲು ಕಂಡಿತು: ‘ಹಿಂದಿನ ಬಾಕಿ 640 ರೂಪಾಯಿ. ಇದರ ಕಾಳಜಿ ಬರದೇ ಇಲ್ಲ ನೀವು.’