ನಾಲ್ಕನೆಯ ಸೈನಿಕ

ನನ್ನ ಮಗ ಹದಿನೈದು ದಿನ ಮನೆಯಲ್ಲಿ ಸಾಯುವುದನ್ನು ಅಭ್ಯಾಸ ಮಾಡಿದ. ಊಟಕ್ಕೆ ಕರೆದರೆ ಅಡುಗೆಮನೆಯ ಹೊಸ್ತಿಲ ಮೇಲೆ ತಲೆ ಹಿಡಿದುಕೊಂಡು ಉರುಳುತ್ತಿದ್ದ, ಸ್ನಾನಕ್ಕೆ ಕರೆದರೆ ಬಚ್ಚಲ ಬಾಗಿಲಲ್ಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಒನಕೆ ಓಬವ್ವನ ನಾಟಕವಿತ್ತು. ಕೋಟೆಯ ಕಿಂಡಿಯಿಂದ ನುಸುಳಿ ಬರುವ ಹೈದರಾಲಿಯ ಸೈನಿಕರು ಐದು ಜನ. ಮೂರನೆಯ ತರಗತಿಯ ನನ್ನ ಮಗ ಅವರಲ್ಲಿ ನಾಲ್ಕನೆಯವನು. ಮಾತಿಲ್ಲ. ಕಿಂಡಿಯಿಂದ ತಲೆ ಹೊರಹಾಕಬೇಕು, ಒನಕೆಯ ಏಟು ತಿನ್ನಬೇಕು, ಉರುಳಬೇಕು, ಪರದೆ ಬೀಳುವವರೆಗೆ ಸತ್ತೇ ಇರಬೇಕು. "ಸತ್ತ ಮೇಲೆ ಯಾರಾದರೂ ಅಲುಗಾಡಿದರೆ ಮುಂದಿನ ವರ್ಷ ಪಾತ್ರವಿಲ್ಲ" ಎಂದು ಟೀಚರ್ ಎಚ್ಚರಿಸಿದ್ದರಂತೆ. ಅವನು ಇದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡನೆಂದರೆ, ಒಂದು ಭಾನುವಾರ ಹಾಲ್‌ನ ನಡುವೆ ಸತ್ತು ಬಿದ್ದವನು ಹಾಗೆಯೇ ನಿದ್ದೆಹೋದ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಅವನನ್ನು ದಾಟಿಕೊಂಡು ಒಳಗೆ ಹೋದ.

ನಾಟಕದಲ್ಲಿ ನನಗೂ ಒಂದು ಪಾತ್ರವಿತ್ತು. ಫೋಟೊ ತೆಗೆಯುವುದು.

ಈ ಪಾತ್ರದಲ್ಲಿ ನನ್ನ ಹಿಂದಿನ ವರ್ಷದ ಅಭಿನಯ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಆಗ ನಾನು ಕ್ಯಾಮೆರಾವನ್ನು ಆಟೊ ಮೋಡ್‌ಗೆ ಹಾಕಿ ನಿಶ್ಚಿಂತೆಯಿಂದ ಕೂತಿದ್ದೆ. ಸಭಾಂಗಣ ಕತ್ತಲಾದದ್ದೇ ತಡ, ಹಾವು ಹೆಡೆ ಎತ್ತಿದಂತೆ ಅದರ ಫ್ಲ್ಯಾಶ್ ತಾನಾಗಿಯೇ ಎದ್ದು ನಿಂತು ಝಳಪಿಸಿತು. ಬೆಳಕಿನ ಲೆಕ್ಕ ಬಡ್ಡಿಯ ಲೆಕ್ಕಕ್ಕಿಂತ ನಿರ್ದಯವಾದದ್ದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗ. ನನ್ನ ಮುಂದಿನ ಕುರ್ಚಿ ಒಂದು ಮೀಟರ್ ದೂರದಲ್ಲಿತ್ತು, ವೇದಿಕೆ ಹದಿನೈದು ಮೀಟರ್. ಅಂದರೆ ಮುಂದೆ ಕೂತ ಮಹನೀಯರ ಬೋಳುತಲೆಗೆ ಸಿಕ್ಕ ಬೆಳಕಿನಲ್ಲಿ ಇನ್ನೂರ ಇಪ್ಪತ್ತೈದರ ಒಂದು ಪಾಲು ಮಾತ್ರ ನನ್ನ ಮಗನಿಗೆ ತಲುಪಿತು. ಆ ವರ್ಷದ ಆಲ್ಬಮ್‌ನಲ್ಲಿ ಅವರ ತಲೆಯ ಮೇಲೆ ಉಳಿದಿದ್ದ ಏಳು ಕೂದಲುಗಳನ್ನು ಎಣಿಸಬಹುದು. ಹಿಂದೆ ಮಸಿ ಬಳಿದಂಥ ಕತ್ತಲು, ಆ ಕತ್ತಲಿನಲ್ಲಿ ಎಲ್ಲೋ ನಮ್ಮ ವಂಶದ ಕುಡಿ.

ನನ್ನಂತೆಯೇ ಇನ್ನೂ ನೂರಾರು ಅಪ್ಪಂದಿರು ಝಳಪಿಸಿದ್ದರಿಂದ ದೀಪನೃತ್ಯದ ಹುಡುಗಿಯೊಬ್ಬಳು ಕಣ್ಣು ಕುಕ್ಕಿ ಪಕ್ಕದವಳಿಗೆ ಡಿಕ್ಕಿ ಹೊಡೆದಳು. ದೀಪಗಳು ಬ್ಯಾಟರಿಯವಾದ್ದರಿಂದ ಬರೀ ಅಳುವಿನಲ್ಲಿ ಮುಗಿಯಿತು. ಹೀಗಾಗಿ ಈ ವರ್ಷದ ಆಮಂತ್ರಣದಲ್ಲಿ ಮುಖ್ಯ ಅತಿಥಿಗಳ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ "ಫ್ಲ್ಯಾಶ್ ಬಳಸಕೂಡದು" ಎಂದು ಅಚ್ಚಾಗಿತ್ತು.

ಫ್ಲ್ಯಾಶ್ ಇಲ್ಲದೆ ತೆಗೆಯುವುದು ಹೇಗೆಂದು ಭಾವಮೈದುನನನ್ನು ಕೇಳಿದೆ. ಅವನು ಎರಡು ಮದುವೆಗಳ ಫೋಟೊ ತೆಗೆದಿದ್ದಾನೆ, ಎರಡೂ ದಂಪತಿಗಳು ಈಗಲೂ ಒಟ್ಟಿಗಿದ್ದಾರೆ. "ಐಎಸ್ಒ 1600 ದಾಟಿಸಬೇಡಿ ಭಾವ, ರವೆ ಚೆಲ್ಲಿದ ಹಾಗೆ ಬರುತ್ತದೆ. ಮತ್ತೆ ಆ ಜೂಮ್ ಬಿಟ್ಟು 1.8ರ ಲೆನ್ಸ್ ಒಂದು ತೆಗೆದುಕೊಳ್ಳಿ" ಎಂದ. ಐಎಸ್ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕೆನ್ನುವ ಅಂಕಿ, ಏರಿಸಿದಷ್ಟೂ ಕಡಿಮೆ ಬೆಳಕು ಸಾಕು. ಎರಡನೆಯ ಸಲಹೆಗೆ ದುಡ್ಡು ಬೇಕಿತ್ತು, ಮೊದಲನೆಯದಕ್ಕೆ ಬೇಕಿರಲಿಲ್ಲ. ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ.

ಲೆನ್ಸಿನೊಳಗೂ ಒಂದು ಕಿಂಡಿ ಇರುತ್ತದೆ. ಅದರ ಲೆಕ್ಕ ಉಲ್ಟಾ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನನ್ನ ಜೂಮ್ ಅನ್ನು ಮುಂದಕ್ಕೆ ಎಳೆದರೆ ಕಿಂಡಿ 5.6ಕ್ಕೆ ಇಳಿಯುತ್ತದೆ. ಅದರಲ್ಲಿ ಬೆಳಕು ಹೈದರಾಲಿಯ ಸೈನಿಕರ ಹಾಗೆ ಒಬ್ಬೊಬ್ಬನಾಗಿ ತೆವಳಿಕೊಂಡು ಬರಬೇಕು. 1.8ರ ಕಿಂಡಿಯಾಗಿದ್ದರೆ ಹೆಚ್ಚುಕಡಿಮೆ ಹತ್ತು ಪಟ್ಟು ಸೈನ್ಯ ಒಂದೇ ಸಲಕ್ಕೆ ನುಗ್ಗುತ್ತಿತ್ತು, ಓಬವ್ವನೂ ಕೈಚೆಲ್ಲುತ್ತಿದ್ದಳು. ಇದೆಲ್ಲ ನನಗೆ ಅರ್ಥವಾದದ್ದು ನಾಟಕ ಮುಗಿದ ಮೇಲೆ.

ಕಾರ್ಯಕ್ರಮ ಒಂದು ಕಲ್ಯಾಣ ಮಂಟಪದಲ್ಲಿ. ದಾವಣಗೆರೆಯ ಡಿಸೆಂಬರ್ ಸಂಜೆ, ಆರಂಭ ಐದಕ್ಕೆ, ಮುಖ್ಯ ಅತಿಥಿಗಳು ಬಂದದ್ದು ಆರೂಕಾಲಕ್ಕೆ. ನಮ್ಮ ಪಾಸಿನಲ್ಲಿ ಹದಿನಾಲ್ಕನೆಯ ಸಾಲಿನ ಬಲತುದಿಯ ಮೂರು ಕುರ್ಚಿಗಳು ನಮೂದಾಗಿದ್ದವು. ಬೆಳಿಗ್ಗೆ ಮೀಸೆ ಬರೆಸಿಕೊಳ್ಳುತ್ತಲೇ ಮಗ, "ಅಪ್ಪ, ನೀನು ಎಲ್ಲಿ ಕೂರುತ್ತೀಯ?" ಎಂದು ಕೇಳಿದ್ದ. ಹೇಳಿದ್ದೆ. "ಅಲ್ಲೇ ಇರಬೇಕು" ಎಂದಿದ್ದ. ತುಟಿಯ ಮೇಲೆ ಕಾಡಿಗೆ ಹಚ್ಚುತ್ತಿದ್ದ ನನ್ನ ಹೆಂಡತಿ, "ಮಾತಾಡಬೇಡ, ಸೈನಿಕನಿಗೆ ಮೂರು ಮೀಸೆ ಆಗುತ್ತದೆ" ಎಂದಳು.

ಭಾಷಣಗಳ ಹೊತ್ತಿಗೆ ನನ್ನ ಆತ್ಮವಿಶ್ವಾಸ ಆಕಾಶಕ್ಕೇರಿತ್ತು. ವೇದಿಕೆಯ ಮೇಲಿನ ಅಷ್ಟೂ ಬಿಳಿ ದೀಪಗಳು ಉರಿಯುತ್ತಿದ್ದವು. ಮುಖ್ಯ ಅತಿಥಿಗಳು ನಲವತ್ತು ನಿಮಿಷ ಒಂದೇ ಜಾಗದಲ್ಲಿ ಕಂಬದಂತೆ ನಿಂತು ಮಾತನಾಡಿದರು. ಐಎಸ್ಒ 400ಕ್ಕೇ ಚಿತ್ರ ಕೆತ್ತಿದಂತೆ ಬಂತು, ಅವರ ಕನ್ನಡಕದ ಗಾಜಿನ ಮೇಲಿನ ಬೆರಳಚ್ಚು ಕೂಡ. ಅವರು ಇಳಿದು ಮಕ್ಕಳು ಹತ್ತಿದ ತಕ್ಷಣ ದೀಪಗಳನ್ನು ಆರಿಸಿದರು. ನಮ್ಮಲ್ಲಿ ಎಲ್ಲ ಶಾಲೆಗಳೂ ಹೀಗೆಯೇ. ಯಾರನ್ನು ನೋಡಲು ಜನ ಬಂದಿರುತ್ತಾರೋ ಅವರಿಗೆ ಕತ್ತಲು, ಯಾರು ಯಾವಾಗ ಇಳಿದಾರೆಂದು ಕಾಯುತ್ತಾರೋ ಅವರಿಗೆ ಹಗಲು.

ಸ್ವಾಗತ ನೃತ್ಯ ಶುರುವಾಗುತ್ತಿದ್ದಂತೆ ನನ್ನ ಮುಂದಿನ ಹದಿಮೂರು ಸಾಲುಗಳಲ್ಲಿ ಮೊಬೈಲುಗಳು ಮೇಲೆದ್ದವು. ಒಬ್ಬರು ಊಟದ ತಟ್ಟೆಯಷ್ಟು ಅಗಲದ ಟ್ಯಾಬ್ ಎತ್ತಿ ಹಿಡಿದರು. ವೇದಿಕೆಯ ನೃತ್ಯವನ್ನು ನಾನು ಅವರ ಟ್ಯಾಬ್‌ನಲ್ಲಿಯೇ ನೋಡಬೇಕಾಯಿತು. ಅಲ್ಲಿ ಕೂತರೆ ಕೆಲಸ ಕೆಟ್ಟಿತೆಂದು ಎದ್ದೆ. ಮಂಟಪಕ್ಕೆ ಹಿಂದುಗಡೆ ಬಾಲ್ಕನಿ ಇತ್ತು, ಅದಕ್ಕೆ ಎದೆಮಟ್ಟದ ಗೋಡೆ. ಯಾರ ತಲೆಯೂ ಅಡ್ಡ ಬಾರದು. ಕೈ ನಡುಗದಂತೆ ಕ್ಯಾಮೆರಾ ಇಡಲು ಏನಾದರೂ ಬೇಕಲ್ಲ ಎಂದು ನೋಡಿದಾಗ ಅಮ್ಮನ ತೊಡೆಯ ಮೇಲಿದ್ದ ಮಂಡಕ್ಕಿ ಚೀಲ ಕಂಡಿತು. ಬರುವ ದಾರಿಯಲ್ಲಿ ಕೊಂಡದ್ದು, ಎರಡು ಸೇರು. ಕಾಡಿನಲ್ಲಿ ಹುಲಿಯ ಫೋಟೊ ತೆಗೆಯುವವರು ಜೀಪಿನ ಅಂಚಿನ ಮೇಲೆ ಕಾಳು ತುಂಬಿದ ಚೀಲ ಹಾಕಿ ಅದರ ಮೇಲೆ ಕ್ಯಾಮೆರಾ ಕೂರಿಸುತ್ತಾರೆ. ನಮ್ಮೂರಿಗೆ ಮಂಡಕ್ಕಿಯೇ ಕಾಳು.

"ನಾಳೆ ಒಗ್ಗರಣೆ ಹಾಕಬೇಕಿತ್ತಲ್ಲೋ" ಎಂದು ಅಮ್ಮ ಹೇಳುತ್ತಿರುವಾಗಲೇ ನಾನು ಮೆಟ್ಟಿಲು ಹತ್ತಿದ್ದೆ.

ಮಂಡಕ್ಕಿಯ ಮೇಲೆ ಕ್ಯಾಮೆರಾ ಮಹಾರಾಜನ ಹಾಗೆ ಕೂತಿತು. ಒಂದಿಷ್ಟೂ ಅಲುಗಾಟವಿಲ್ಲ. ಪ್ರತಿ ಸಲ ಸರಿಹೊಂದಿಸುವಾಗ ಕರಕರ ಎನ್ನುತ್ತಿತ್ತು, ಅಷ್ಟೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ ಎರಡು ಸಲ ನನ್ನ ಕಡೆ ನೋಡಿದರು, ಮೂರನೆಯ ಸಲ ಅವರ ಮಗು ಕೈ ಚಾಚಿತು. ಒಂದು ಹಿಡಿ ಕೊಟ್ಟೆ. ಕ್ಯಾಮೆರಾ ಸ್ವಲ್ಪ ಎಡಕ್ಕೆ ವಾಲಿತು.

ನಾಟಕ ಶುರುವಾಯಿತು. ನಾವು ಕೇಳಿ ಬೆಳೆದ ಕಥೆಯಲ್ಲಿ ಕಹಳೆಯ ಮುದ್ದ ಹನುಮ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತಾನೆ, ಅವನಿಗೆ ನೀರು ತರಲು ಹೋದ ಓಬವ್ವ ಕಿಂಡಿಯ ಬಳಿ ಶತ್ರುಗಳ ಸದ್ದು ಕೇಳುತ್ತಾಳೆ. ಮಧ್ಯಾಹ್ನದ ಊಟ! ಚಿತ್ರದುರ್ಗದ ಆ ಬಂಡೆಗಳ ನಡುವೆ ಮಧ್ಯಾಹ್ನ ನಿಂತವರಿಗೆ ಬಿಸಿಲೆಂದರೇನೆಂದು ಗೊತ್ತು, ಕಣ್ಣು ಬಿಡಲಾಗುವುದಿಲ್ಲ. ಆದರೆ ದೀಪದ ಗುತ್ತಿಗೆದಾರರಿಗೆ ಯುದ್ಧವೆಂದರೆ ನೀಲಿ. ಇಡೀ ವೇದಿಕೆಗೆ ಗಾಢ ನೀಲಿ ಎಲ್ಇಡಿ ಬಿಟ್ಟು, ಸಾಲದ್ದಕ್ಕೆ ಹೊಗೆಯನ್ನೂ ಊದಿದರು. ಮಧ್ಯಾಹ್ನ ಊಟಕ್ಕೆ ಕೂತಿದ್ದ ಮುದ್ದ ಹನುಮ ತಟ್ಟೆ ಎಲ್ಲಿದೆ ಎಂದು ಕಾಣದೆ ನೆಲ ತಡಕಾಡಿದ.

ನಾನು ಕ್ಯಾಮೆರಾ ಒಳಗೆ ನೋಡಿದೆ. ಕಿಂಡಿ 5.6, ಐಎಸ್ಒ 1600, ಷಟರ್ ಬೆಳಕಿಗೆ ತೆರೆದಿರುವ ಹೊತ್ತು ಸೆಕೆಂಡಿನ ಹತ್ತನೆಯ ಒಂದು ಭಾಗ. ಹತ್ತನೆಯ ಒಂದು ಭಾಗ ಎಂದರೆ ಬಹಳ ವೇಗ ಎಂದು ನನಗೆ ಅನಿಸಿತು. ಮನುಷ್ಯರ ಲೆಕ್ಕದಲ್ಲಿ ವೇಗವೇ. ಒನಕೆ ಬೀಸುವ ಆರನೆಯ ತರಗತಿಯ ಹುಡುಗಿಯ ಲೆಕ್ಕದಲ್ಲಿ ಅಷ್ಟರೊಳಗೆ ಒಂದು ಕೊಲೆಯ ಅರ್ಧ ಮುಗಿದಿರುತ್ತದೆ.

ರಟ್ಟಿನ ಕೋಟೆಯಲ್ಲಿ ಕಿಂಡಿ ಕೊರೆದಿದ್ದರು. ಮೊದಲನೆಯ ಸೈನಿಕ ಬಂದ, ಡೋಲು ಬಡಿಯಿತು, ಸತ್ತ. ಎರಡನೆಯವನು ಕಿಂಡಿಯಲ್ಲಿ ಪೇಟದ ಸಮೇತ ಸಿಕ್ಕಿಕೊಂಡ. ಓಬವ್ವ ಒನಕೆ ಪಕ್ಕಕ್ಕಿಟ್ಟು ಅವನ ಕೈ ಹಿಡಿದು ಹೊರಗೆಳೆದು, ಮತ್ತೆ ಒನಕೆ ಎತ್ತಿಕೊಂಡು ಹೊಡೆದಳು. ಇಂಥ ಶತ್ರುಪ್ರೇಮವನ್ನು ಇತಿಹಾಸ ದಾಖಲಿಸಿಲ್ಲ. ಸಭಾಂಗಣ ನಗೆಯಲ್ಲಿ ಮುಳುಗಿತು, ಆ ಗಲಾಟೆಯಲ್ಲಿ ನನಗೆ ಎಣಿಕೆ ತಪ್ಪಿತು. ಎಲ್ಲರಿಗೂ ಒಂದೇ ಪೇಟ, ಒಂದೇ ಕಾಡಿಗೆ ಮೀಸೆ, ನೀಲಿ ಬೆಳಕಿನಲ್ಲಿ ಎಲ್ಲರೂ ಕೃಷ್ಣನ ವೇಷಕ್ಕೆ ಬಂದವರಂತೆ ಕಾಣುತ್ತಿದ್ದರು. ಫೋಕಸ್ ಬೇರೆ ಹೊಗೆಯನ್ನು ಹಿಡಿಯುವುದೋ ಮುಖವನ್ನು ಹಿಡಿಯುವುದೋ ತಿಳಿಯದೆ ಹಿಂದೆ ಮುಂದೆ ಓಡಾಡುತ್ತಿತ್ತು. ಯಾರು ತಲೆ ಹಾಕಿದರೂ ಗುಂಡಿ ಒತ್ತಿದೆ. ಎಲ್ಲರೂ ಸತ್ತ ಮೇಲೂ ಒತ್ತಿದೆ. ಪರದೆ ಬಿದ್ದ ಮೇಲೆ ಎಣಿಸಿದರೆ ಇನ್ನೂರ ಹನ್ನೆರಡು ಚಿತ್ರಗಳು.

ರಾತ್ರಿ ಮನೆಯಲ್ಲಿ ಅವನ್ನು ಲ್ಯಾಪ್‌ಟಾಪ್‌ಗೆ ಹಾಕಿದೆ. ಎಲ್ಲರೂ ಸುತ್ತ ಕೂತರು. ಮಗ ಮೀಸೆ ತೊಳೆಯಲು ಒಪ್ಪದೆ ಹಾಗೆಯೇ ಬಂದಿದ್ದ.

ಮೊದಲ ನೂರು ಚಿತ್ರಗಳಲ್ಲಿ ಓಬವ್ವ ಇರಲಿಲ್ಲ. ಅವಳಿದ್ದ ಜಾಗದಲ್ಲಿ ಸೀರೆಯ ಬಣ್ಣದ ಒಂದು ಸುಂಟರಗಾಳಿ ಇತ್ತು. ಒನಕೆ ಸೀಲಿಂಗ್ ಫ್ಯಾನಿನಂತೆ ಕಾಣುತ್ತಿತ್ತು. ಕಿಂಡಿಯಿಂದ ಹೊರಬರುತ್ತಿದ್ದ ಸೈನಿಕರು ಕೆಲವು ಕಡೆ ಬಾಲವುಳ್ಳ ನಕ್ಷತ್ರಗಳಾಗಿದ್ದರು. "ಇದು ಹೊಗೆಯ ಫೋಟೊ ಏನ್ರೀ?" ಎಂದಳು ಹೆಂಡತಿ. ಭಾವಮೈದುನ ಫೋನಿನಲ್ಲಿ ನೋಡಿ, "ಐಎಸ್ಒ 6400ಕ್ಕೆ ಏರಿಸಬೇಕಿತ್ತು ಭಾವ, ಷಟರ್ ನಾಲ್ಕು ಪಟ್ಟು ಚುರುಕಾಗುತ್ತಿತ್ತು" ಎಂದ. "ರವೆ ಬರುತ್ತದೆ ಎಂದೆಯಲ್ಲ?" "ರವೆ ಬಂದರೂ ಮುಖ ಬರುತ್ತಿತ್ತಲ್ಲ?" ಎಂದ. ಈ ಎರಡನೆಯ ವಾಕ್ಯವನ್ನು ಮೊದಲೇ ಹೇಳಲು ಅವನಿಗೇನು ದಾಡಿಯಾಗಿತ್ತೋ.

ಕೊನೆಯ ಇಪ್ಪತ್ತು ಚಿತ್ರಗಳಿಗೆ ಬಂದಾಗ ನಾವೆಲ್ಲ ಕಣ್ಣರಳಿಸಿದೆವು. ಸೂಜಿಮೊನೆಯಷ್ಟು ಚೂಪು. ಪೇಟದ ಜರಿಯ ಎಳೆ, ಕಾಲಿಗೆ ಹಾಕಿದ ಬಿಳಿ ಕಾಲುಚೀಲದ ತೂತು, ಅಂಗಾಲಿಗೆ ಮೆತ್ತಿದ ವೇದಿಕೆಯ ಧೂಳು, ಎಲ್ಲ ಎಣಿಸುವಷ್ಟು ಸ್ಪಷ್ಟ. ಏಕೆಂದರೆ ಇವರೆಲ್ಲ ಸತ್ತಿದ್ದರು. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಮಿಸುಕದೆ ನಿಲ್ಲುವ ಮನುಷ್ಯರು ಆ ಇಡೀ ನಾಟಕದಲ್ಲಿ ಹೆಣಗಳು ಮಾತ್ರ.

"ಇದರಲ್ಲಿ ನಮ್ಮವನು ಯಾರೋ?" ಎಂದು ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು.

ಐದು ಹೆಣಗಳಲ್ಲಿ ನಾಲ್ಕು ಸ್ಪಷ್ಟವಾಗಿದ್ದವು. ಐದನೆಯದಕ್ಕೆ ಮೈ ಒಂದೇ, ತಲೆ ಎರಡು. ಒಂದು ನೆಲದ ಮೇಲೆ, ಇನ್ನೊಂದು ಗೇಣುದ್ದ ಮೇಲೆ, ನಡುವೆ ಮಂಜಿನಂತೆ ಎಳೆದ ಮೀಸೆ. ಮುಂದಿನ ಚಿತ್ರದಲ್ಲಿಯೂ ಹಾಗೆಯೇ. ಅದರ ಮುಂದಿನದರಲ್ಲಿ ಹೆಣ ಮೊಣಕೈ ಊರಿತ್ತು.

"ಹದಿನೈದು ದಿನ ಅಭ್ಯಾಸ ಮಾಡಿದೆಯಲ್ಲೋ! ಸತ್ತವನು ಯಾಕೆ ತಲೆ ಎತ್ತಿದೆ?" ಎಂದೆ.

"ನೀನು ಹದಿನಾಲ್ಕನೆಯ ಸಾಲಿನಲ್ಲಿ ಇರುತ್ತೇನೆ ಎಂದಿದ್ದೆ" ಎಂದ ಮಗ. "ಅಮ್ಮ ಇದ್ದಳು, ಅಜ್ಜಿ ಇದ್ದರು. ನಿನ್ನ ಕುರ್ಚಿ ಖಾಲಿ ಇತ್ತು."

ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಮ್ಮ ಮಂಡಕ್ಕಿ ಚೀಲ ಬಿಚ್ಚಿ ನೋಡಿ, ಅರ್ಧ ಪುಡಿಯಾಗಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮಾರನೆಯ ದಿನ ಆ ಒಂದು ಚಿತ್ರವನ್ನು ದೊಡ್ಡದಾಗಿ ಹಾಕಿಸಲು ಸ್ಟುಡಿಯೋಗೆ ಹೋದೆ. ಅಲ್ಲಿನ ಹುಡುಗ ಪರದೆಯ ಮೇಲೆ ಅದನ್ನು ಹಿಗ್ಗಿಸಿ, ಬಹಳ ಹೊತ್ತು ನೋಡಿದ.

"ಸರ್, ನಾಲ್ಕು ಜನ ಚೆನ್ನಾಗಿ ಬಂದಿದ್ದಾರೆ. ಇವನೊಬ್ಬ ಅಲುಗಾಡಿ ಕೆಡಿಸಿದ್ದಾನೆ. ಕತ್ತರಿಸಿ ತೆಗೆದುಬಿಡಲೇ?"

"ಬೇಡ" ಎಂದೆ. "ಆ ನಾಲ್ವರನ್ನು ತೆಗೆಯಿರಿ."