ಕಳಿಸೋ ಬಟನ್ ಮತ್ತು ನನ್ನ ಹೆಬ್ಬೆರಳು

ಫೋನಿನ ಕೀಬೋರ್ಡಿನಲ್ಲಿ ಬಲಗಡೆಯ ಕೆಳಗಿನ ಮೂಲೆಯನ್ನು ಒಮ್ಮೆ ನೋಡಿ. ಅಲ್ಲಿ ಅಳಿಸುವ ಕೀ ಇದೆ. ಅದಕ್ಕೆ ಅಂಟಿಕೊಂಡೇ ಕೆಳಗೆ ಎಂಟರ್. ಈ ಎಂಟರ್ ಒಂದು ಆಪ್‌ನಲ್ಲಿ ಹೊಸ ಸಾಲು ಕೊಡುತ್ತದೆ, ಇನ್ನೊಂದರಲ್ಲಿ ಬರೆದದ್ದನ್ನು ಕಳಿಸಿಯೇ ಬಿಡುತ್ತದೆ. ಅಂದರೆ 'ಬೇಡಪ್ಪ, ಇಷ್ಟು ಖಾರ ಬೇಡ' ಅಂತ ಅಳಿಸೋಕೆ ಹೋದ ಹೆಬ್ಬೆರಳು ಚೂರು ಜಾರಿದರೆ ಸಾಕು, ಹೇಳಬಾರದ್ದನ್ನು ಹೇಳಿ ಆಗಿರುತ್ತದೆ. ಅದೂ ಅರ್ಧಂಬರ್ಧ.

ಇದು ನನಗೆ ಎಷ್ಟು ಸಲ ಆಗಿದೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ನನ್ನ ದೊಡ್ಡ ಎಡವಟ್ಟಿಗೆ ಪಾಪ ಆ ಬೆರಳನ್ನು ದೂರುವ ಹಾಗಿಲ್ಲ. ಕಳಿಸೋ ಬಟನ್ನನ್ನು ಗಟ್ಟಿಯಾಗಿ, ಬೇಕೆಂದೇ ಒತ್ತಿದ್ದೆ.

ರಾತ್ರಿ ಹನ್ನೊಂದೂವರೆ ಇರಬೇಕು. ಕಾರಿನಲ್ಲಿ ಎಲ್ಲಾ ಬಟನ್ ಕಿತ್ತು ಹಾಕಿ ಬರೀ ಟಚ್‌ಸ್ಕ್ರೀನ್ ಕೂರಿಸೋದು ಸರಿಯಾ ಅನ್ನುವ ವಾದ ಆನ್‌ಲೈನಿನಲ್ಲಿ ಜೋರಾಗಿ ನಡೆದಿತ್ತು. ನಾನು ಬಟನ್ ಪಕ್ಷ. ತಿರುಗಿಸುವ ಗುಂಡಿಯನ್ನು ಕೈ ತಾನೇ ಹುಡುಕಿಕೊಳ್ಳುತ್ತೆ, ಕಣ್ಣು ರಸ್ತೆ ಮೇಲೇ ಇರುತ್ತೆ, ಗಾಜಿಗೆ ಆ ಗುಣ ಇಲ್ಲ ಅಂತ ಬರೆದಿದ್ದೆ. ಅದಕ್ಕೆ ಒಬ್ಬರು, 'ಹೌದು ಹೌದು, ಬಟನ್ ಇಲ್ಲದಿದ್ದರೆ ಕಾರೇ ವೇಸ್ಟು' ಅಂತ ಉತ್ತರ ಕೊಟ್ಟರು. ಆ ಎರಡನೇ 'ಹೌದು' ನೋಡಿ ನನಗೆ ಉರಿದು ಹೋಯಿತು. ಒಂದು ಹೌದು ಅಂದರೆ ಒಪ್ಪಿಗೆ. ಎರಡು ಹೌದು ಅಂದರೆ ಕುಹಕ, ಅಲ್ವಾ? ಆರು ಪ್ಯಾರಾ ಬರೆದೆ. ಮೊದಲ ಎರಡು ಕಾರಿನ ಬಗ್ಗೆ ಇದ್ದವು, ಉಳಿದವು ಆ ಮನುಷ್ಯರ ಬುದ್ಧಿಯ ಬಗ್ಗೆ. ಕಳಿಸಿ, ಗೆದ್ದ ಖುಷಿಯಲ್ಲಿ ಮಲಗಿದೆ.

ಬೆಳಿಗ್ಗೆ ಅವರ ಉತ್ತರ ಬಂದಿತ್ತು. 'ಸಾರ್, ಹೋದ ವಾರ ನನ್ನ ಕಾರಿನ ಸ್ಕ್ರೀನ್ ಕೆಟ್ಟು ಎಸಿ ಆಫ್ ಮಾಡೋಕೂ ಆಗದೆ ನಡುಗುತ್ತಾ ಮನೆಗೆ ಬಂದೆ. ನಾನು ನಿಮ್ಮ ಮಾತನ್ನೇ ಒಪ್ಪಿದ್ದು.'

ಇಡೀ ಚರ್ಚೆಯಲ್ಲಿ ನನ್ನ ಕಡೆ ಇದ್ದದ್ದು ಅವರೊಬ್ಬರೇ.

ಈ ಕಾಯಿಲೆ ಹೊಸದೇನಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮಂದಿ ತಮ್ಮೊಳಗೆ ಬರೆದುಕೊಳ್ಳುತ್ತಿದ್ದಾಗ, ಯಾರೋ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ತಮಾಷೆಗೆ ಎಚ್ಚರಿಕೆ ಹಾಕಿದರು. ಕೆಲವರು ಅದನ್ನು ನಿಜ ಅಂದುಕೊಂಡರು. ತಮಾಷೆಗೆ ಏನಾದರೂ ಗುರುತು ಬೇಕಲ್ಲ ಅಂತ ಮಾತು ಬಂದು, ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಅನ್ನುವವರು ಒಂದು ಕೋಲನ್, ಒಂದು ಅಡ್ಡಗೆರೆ, ಒಂದು ಬ್ರಾಕೆಟ್ ಸೇರಿಸಿ ಅಡ್ಡ ಮಲಗಿದ ನಗುಮುಖ ಮಾಡಿ ಕೊಟ್ಟರು. ಎಷ್ಟು ಚಂದದ ವಿನ್ಯಾಸ! ಮೂರೇ ಅಕ್ಷರ, ಹೊಸ ಕೀ ಬೇಡ, ಯಾರ ಅನುಮತಿಯೂ ಬೇಡ. ನಾವು ಮಾತ್ರ ಅದನ್ನೂ ಕೆಡಿಸಿದೆವು. ಈಗ ಜಗಳದ ಮಧ್ಯೆ ಬರುವ ನಗುಮುಖದಷ್ಟು ಚುಚ್ಚುವುದು ಇನ್ನೊಂದಿಲ್ಲ. 'ಸರಿ ಬಿಡಿ' ಅಂದು ಪಕ್ಕದಲ್ಲಿ ಒಂದು ನಗು ಹಾಕಿದರೆ ಬೈದದ್ದಕ್ಕಿಂತ ಜಾಸ್ತಿ.

ಇದಕ್ಕೆಲ್ಲ ಮದ್ದು ಅಂತ ಸಾಮಾನ್ಯವಾಗಿ ಕೊಡುವುದು ಬುದ್ಧಿವಾದ. 'ಗೌರವದಿಂದ ಮಾತಾಡಿ', 'ಯೋಚಿಸಿ ಬರೆಯಿರಿ'. ನನಗೆ ಇದರಲ್ಲಿ ನಂಬಿಕೆ ಇಲ್ಲ. ಯಾಕೆ ಅಂತ ಹೇಳೋಕೆ ಎಟಿಎಂ ಹತ್ತಿರ ಹೋಗಬೇಕು. ದುಡ್ಡು ಮೊದಲು ಕೊಟ್ಟು ಕಾರ್ಡು ಆಮೇಲೆ ಕೊಡುವ ಯಂತ್ರಗಳಲ್ಲಿ ಜನ ಕಾರ್ಡು ಮರೆತು ಹೋಗುತ್ತಿದ್ದರು. ಬಂದದ್ದು ದುಡ್ಡಿಗೆ, ದುಡ್ಡು ಕೈಗೆ ಬಂತು, ಕಾಲು ತಾನೇ ಹೊರಟಿತು. ಗೋಡೆಗೆ 'ಕಾರ್ಡು ಮರೆಯಬೇಡಿ' ಅಂತ ಬೋರ್ಡು ಹಾಕಬಹುದಿತ್ತು. ಅದರ ಬದಲು ಕ್ರಮವನ್ನೇ ತಿರುಗಿಸಿದರು. ಕಾರ್ಡು ಎಳೆದುಕೊಳ್ಳುವವರೆಗೂ ನೋಟು ಹೊರಗೆ ಬರುವುದಿಲ್ಲ, ಅಷ್ಟೇ. ಮನುಷ್ಯ ಮೊದಲಿನಷ್ಟೇ ಮರೆಗುಳಿ, ಕಾರ್ಡು ಮಾತ್ರ ಜೇಬಿನಲ್ಲಿ. ಒಳ್ಳೆಯ ಡಿಸೈನ್ ಅಂದರೆ ನನ್ನ ಪಾಲಿಗೆ ಇದು. ದುಂಡಗಿನ ಮೂಲೆ, ತಿಳಿ ಬಣ್ಣ ಎಲ್ಲಾ ಆಮೇಲೆ ನೋಡಿಕೊಳ್ಳೋಣ.

'ಖಂಡಿತ ಕಳಿಸಲೇ?' ಅಂತ ಕೇಳುವ ಪೆಟ್ಟಿಗೆಯೂ ಬೋರ್ಡಿನ ತಮ್ಮನೇ. ಮೊದಲ ಮೂರು ಸಲ ಓದುತ್ತೇವೆ. ನಾಲ್ಕನೇ ಸಲಕ್ಕೆ ಕಣ್ಣಿಗಿಂತ ಮೊದಲು ಬೆರಳು 'ಹೂಂ' ಅಂದಿರುತ್ತದೆ. ಅದೂ ಕೋಪದಲ್ಲಿ ಇರುವವನನ್ನು 'ಖಂಡಿತಾನಾ?' ಅಂತ ಕೇಳಿದರೆ ಏನಂತಾನೆ? 'ನೂರಕ್ಕೆ ನೂರು' ಅಂತಾನೆ. ಆ ಹೊತ್ತಿಗೆ ಅವನಷ್ಟು ಖಚಿತವಾಗಿ ಇರುವವರು ಲೋಕದಲ್ಲಿ ಯಾರೂ ಇಲ್ಲ.

ಜಿಮೇಲಿನವರು ಮಾಡಿದ್ದು ಇದಕ್ಕಿಂತ ಜಾಣತನ. 2009ರಲ್ಲಿ ಪ್ರಯೋಗಕ್ಕೆ ಅಂತ ಬಿಟ್ಟು, 2015ರಲ್ಲಿ ಎಲ್ಲರಿಗೂ ಕೊಟ್ಟ ಸೌಲಭ್ಯ ಅದು. ಕಳಿಸಿದ ಮೇಲ್ ವಾಪಸ್ ತರಿಸಿಕೊಳ್ಳಬಹುದು ಅಂತ ಹೆಸರು. ನಿಜ ಏನೆಂದರೆ ಅದು ಹೊರಟೇ ಇರುವುದಿಲ್ಲ. 'ಕಳಿಸಿದೆ' ಅಂತ ನಮಗೆ ಸುಮ್ನೆ ಒಂದು ಸುಳ್ಳು ಹೇಳಿ, ಐದೋ ಹತ್ತೋ ಸೆಕೆಂಡು, ಬೇಕೆಂದರೆ 30 ಸೆಕೆಂಡು, ಹೊಸ್ತಿಲ ಒಳಗೇ ನಿಲ್ಲಿಸಿಕೊಂಡಿರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಗೆ ಅರ್ಧ ನಿಮಿಷದ ರಿಯಾಯಿತಿ. ಈ ಸುಳ್ಳಿನಲ್ಲೇ ಅದರ ಜೀವ ಇರುವುದು. ಯಾಕೆಂದರೆ ಬರೆಯುವಾಗ ಎಷ್ಟು ಸಲ ಓದಿದರೂ ಕಾಣದ ತಪ್ಪು, ಒರಟು ಮಾತು, ತಪ್ಪು ಹೆಸರು, ಎಲ್ಲವೂ ಕಳಿಸಿದ ಮರುಕ್ಷಣ ಕಣ್ಣಿಗೆ ರಾಚುತ್ತವೆ. ಒತ್ತುವವರೆಗೂ ಓದುತ್ತಿದ್ದವನು ನಾನು, ಒತ್ತಿದ ಮೇಲೆ ಓದುವವನು ಆ ಕಡೆಯವನು. ಆ ಆಚೆಯವನ ಕಣ್ಣು ಬಟನ್ ಒತ್ತದೆ ನಮಗೆ ಬರುವುದೇ ಇಲ್ಲ.

ಬೇರೆಯವರ ಮಾತು ಹಂಚುವುದಕ್ಕೂ ಇದೇ ಕಥೆ. 2009ರಲ್ಲಿ ರೀಟ್ವೀಟ್ ಬಟನ್ ಬರುವ ಮೊದಲು ಟ್ವಿಟರಿನಲ್ಲಿ ಇನ್ನೊಬ್ಬರ ಮಾತನ್ನು ನಕಲು ಮಾಡಿ, ಮುಂದೆ 'ಆರ್‌ಟಿ' ಅಂತ ಕೈಯಾರೆ ಬರೆದು ಹಾಕಬೇಕಿತ್ತು. ಆ ರಗಳೆಯಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತೇನೋ. ಅದೇ ಟ್ವಿಟರ್ 2020ರಲ್ಲಿ, ಲೇಖನ ತೆರೆಯದೆ ಹಂಚಲು ಹೊರಟವರನ್ನು 'ಮೊದಲು ಓದುತ್ತೀರಾ?' ಅಂತ ಕೇಳಲು ಶುರುಮಾಡಿತು. ಕಿತ್ತ ಉಬ್ಬನ್ನು ಮತ್ತೆ ರಸ್ತೆಗೆ ಹಾಕಿದ ಹಾಗೆ.

ಇನ್ನು ಅಳಿಸುವ ಸೌಲಭ್ಯ ಇದೆಯಲ್ಲ, 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಗುರುತು ಬಿಟ್ಟು ಹೋಗುವುದು, ಅದರ ಸಹವಾಸ ಬೇಡ. ಇದ್ದ ಮಾತನ್ನು ಯಾರೂ ಗಮನಿಸಿರುವುದಿಲ್ಲ, ಅಳಿಸಿದ್ದನ್ನು ಎಲ್ಲರೂ ಗಮನಿಸುತ್ತಾರೆ. 'ಏನಿತ್ತು?' ಅಂತ ನಾಲ್ಕು ಜನ ಕೇಳುತ್ತಾರೆ, ಐದನೆಯವನು ಸ್ಕ್ರೀನ್‌ಶಾಟ್ ಹಾಕುತ್ತಾನೆ.

ಆ ಕಾರಿನ ಪ್ರಸಂಗ ಆದ ಮೇಲೆ ನಾನೊಂದು ಏರ್ಪಾಡು ಮಾಡಿಕೊಂಡಿದ್ದೇನೆ. ಕೈ ತುರಿಸಿದಾಗ ಉತ್ತರವನ್ನು ಅಲ್ಲೇ ಬರೆಯುವುದಿಲ್ಲ, ಫೋನಿನ ನೋಟ್ಸ್ ಆಪ್‌ನಲ್ಲಿ ಬರೆಯುತ್ತೇನೆ. ಅಲ್ಲಿ ಎಂಟರ್ ಎಷ್ಟು ಗುದ್ದಿದರೂ ಹೊಸ ಸಾಲು ಬರುತ್ತದೆ, ಅಷ್ಟೇ. ಬೆಳಿಗ್ಗೆ ಓದಿ, ಸರಿ ಅನಿಸಿದರೆ ಮಾತ್ರ ಕಳಿಸುವುದು ಅಂತ ನಿಯಮ. ಈಗ ಅಲ್ಲಿ ನಲವತ್ತಕ್ಕೂ ಹೆಚ್ಚು ಉತ್ತರಗಳಿವೆ. ನಿನ್ನೆ ಒಂದನ್ನು ತೆಗೆದು ಓದಿದೆ. ಎಷ್ಟು ಹರಿತವಾಗಿತ್ತು ಅಂತೀರಿ, ಆದರೆ ಯಾರಿಗೆ, ಯಾವ ವಿಷಯಕ್ಕೆ ಬರೆದದ್ದು ಅಂತ ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮೂರನೇ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟು ಹೋಗಿತ್ತು. ಅದನ್ನು ತಿದ್ದಿ, ಮತ್ತೆ ಅಲ್ಲೇ ಇಟ್ಟೆ.